ಒಣದ್ರಾಕ್ಷಿ ದರ, ಬಿಳಿ ಪರದೆ ಮತ್ತ ಫೆಚ್ ಟೆಸ್ಟು: ಯಾವ ದಾರಿ ನಂಗ ಹೊಂದ್ತು

ನಾ ಇರೂದು ವಿಜಯಪುರದಾಗ, ಮನ್ಯಾಗ ಕುಂತ ಕೆಲಸ. ತಿಕೋಟಾ ಕಡೆ ಒಬ್ರು ಒಣದ್ರಾಕ್ಷಿ ವ್ಯಾಪಾರಸ್ಥರಿಗೆ ದಿನದ ದರ ತೋರಿಸೂ ಒಂದು ಪೇಜ್ ಮಾಡಿಕೊಟ್ಟೀನಿ, ಗ್ರೇಡ್ ಆರಿಸಿದ್ರ ಸರ್ವರ್‌ನಿಂದ ದರ ತರ್ತದ, ಇಷ್ಟ ಅದರ ಕೆಲಸ. ಮಾರ್ಚ್‌ನ್ಯಾಗ ಸೀಜನ್ ಜೋರ್ ಇದ್ದಾಗ ಅವರ ಫೋನ್ ಬಂತು, "ಏನ್ರೀ ಇದು, ಬರೇ ಬಿಳಿ ಪರದೆ ಕಾಣಾಕತ್ತದಲ್ರೀ" ಅಂತ. ಇಲ್ಲಿ ನಾ ಟೆಸ್ಟ್ (ಕೋಡ್ ಬರೋಬ್ಬರಿ ಅದನೋ ನೋಡೂ ಸಣ್ಣ ಪ್ರೋಗ್ರಾಮು) ಓಡಿಸಿದ್ರ ಎಲ್ಲಾ ಹಸಿರು, ಅಂದ್ರ ಪಾಸ್.

ಆಗಿದ್ದೇನಂದ್ರ ಒಂದು ಗ್ರೇಡಿಗೆ ಅವತ್ತು ದರಾನ ಬಂದಿರಲಿಲ್ಲ, ಸರ್ವರ್ 404 (ಕೇಳಿದ್ದು ಇಲ್ಲ ಅನ್ನೂ ಕೋಡ್) ಕೊಟ್ಟು ಜೊತಿಗೆ ಒಂದು ಸಣ್ಣ ಮೆಸೇಜ್ ಕಳಿಸಿತ್ತು. 404 ಬರ್ಲಿ 500 (ಸರ್ವರ್ ಒಳಗಿನ ತಪ್ಪು) ಬರ್ಲಿ ಫೆಚ್‌ಗೆ, ಅಂದ್ರ ಸರ್ವರ್‌ನಿಂದ ಮಾಹಿತಿ ತರೂ ಬ್ರೌಸರಿನ ಫಂಕ್ಷನ್‌ಗೆ, ಅದು ಎರರ್ ಅಲ್ಲ, ನೆಟ್ ಹೋದ್ರ ಇಲ್ಲಾ ಕಾರ್ಸ್ (ಬ್ಯಾರೆ ಸೈಟಿನ ಉತ್ತರಕ್ಕ ಬ್ರೌಸರ್ ಹಾಕೂ ನಿಯಮ) ತಡದ್ರ ಅಷ್ಟ ಕ್ಯಾಚ್‌ಗೆ (ಎರರ್ ಹಿಡಿಯೂ ಭಾಗಕ್ಕ) ಬೀಳ್ತದ, ಸ್ಟೇಟಸ್ ಬರೋಬ್ಬರಿ ಅದನೋ ಇಲ್ಲೋ ಅಂತ ರೆಸ್ಪಾನ್ಸಿನ 'ಓಕೆ' ನೋಡೂದು ನಮ್ಮ ಕೆಲಸ. ನಾ ನೋಡಿರಲಿಲ್ಲ. ಪಟ್ಟಿ ಇರಬೇಕಾದ ಜಾಗಾದಾಗ ಅನ್‌ಡಿಫೈನ್ಡ್ (ಏನೂ ಇಲ್ಲ), ಅದರ ಮ್ಯಾಲ ಮ್ಯಾಪ್ (ಪಟ್ಟಿಯ ಒಂದೊಂದನ್ನ ತಗೊಂಡು ತೋರಿಸೂದು), ಪರದೆ ಮ್ಯಾಲ ಮೂಡುವಾಗ ಹಿಂಗ ಬಿದ್ರ ರಿಯಾಕ್ಟ್ (ಪೇಜ್ ಕಟ್ಟೂ ಲೈಬ್ರರಿ) ಇಡೀ ಪೇಜ್ ಕಿತ್ತಿ ಒಗೀತದ.

ಟೆಸ್ಟ್ ಯಾಕ ಹಿಡೀಲಿಲ್ಲ ಅಂದ್ರ ನಾ ಫೆಚ್‌ನ ಜಾಗಾದಾಗ ವೀಟೆಸ್ಟಿನ (ಟೆಸ್ಟ್ ಓಡಿಸೂ ಟೂಲ್) ಸುಳ್ಳು ಫಂಕ್ಷನ್ ಕೂರಿಸಿದ್ದೆ. ಈ ದಾರಿ ಭಾಳ ಸಸ್ತಾ ಅದ ಖರೆ, ಏನೂ ಇನ್‌ಸ್ಟಾಲ್ ಮಾಡೂದಿಲ್ಲ, ಐದು ನಿಮಿಷದ ಕೆಲಸ, ಓಡೂದೂ ಜಲ್ದಿ. ಆದ್ರ ಅದು ನಮ್ಮ ಗೋಲಗುಮ್ಮಟ ಇದ್ದಂಗ, ನಾ ಏನ್ ಒದರೀನೋ ಅದ ಹೊಳ್ಳಿ ಬರ್ತದ. ಅಡ್ರೆಸ್ಸಿನ್ಯಾಗ ಸ್ಲ್ಯಾಷ್ ಎರಡು ಸಲ ಬಿದ್ದಿತ್ತು, ಅದಕ್ಕೂ ಚಂದಂಗ ಉತ್ತರ ಕೊಟ್ಟು ಪಾಸ್ ಮಾಡಿತ್ತು ಪುಣ್ಯಾತ್ಮ! ಇನ್ನೊಂದು ಕಾಟ ಏನಂದ್ರ ಒಂದ ರೆಸ್ಪಾನ್ಸ್ ಆಬ್ಜೆಕ್ಟ್ ಮಾಡಿ ಎರಡು ಸಲ ಕೊಟ್ರ ಎರಡನೇದ್ದು ಬೀಳ್ತದ, ಬಾಡಿ (ಉತ್ತರದ ಒಳಗಿನ ಮಾಹಿತಿ) ಒಂದ ಸಲ ಓದಾಕ ಬರ್ತದ, ಇದು ತಿಳೀಲಾರದ ಒಂದು ಸಂಜಿ ಪೂರಾ ಹಾಳಾತು, ಪ್ರತಿ ಸಲ ಹೊಸಾದು ಮಾಡಿ ಕೊಡಬೇಕು. ಮತ್ತ ನಾಳೆ ಫೆಚ್ ಬಿಟ್ಟು ಅದೇ ಕೆಲಸ ಮಾಡೂ ಆಕ್ಸಿಯೋಸ್ ಲೈಬ್ರರಿ ಹಾಕಿದ್ರ ಎಲ್ಲಾ ಟೆಸ್ಟ್ ಹೊಸದಾಗಿ ಬರೀಬೇಕು.

ಸೈನಾನ್ ಅನ್ನೂ ಟೆಸ್ಟ್ ಲೈಬ್ರರಿಯ ಫೇಕ್ ಸರ್ವರ್ ಹಚ್ಚಿ ನೋಡಿದೆ, ಅದು ಹಿಡಿಯೂದು ಎಕ್ಸ್‌ಎಚ್‌ಆರ್ (ಫೆಚ್‌ಗಿಂತ ಹಳೇ ದಾರಿ), ಫೆಚ್ ಅಲ್ಲ. ಜೆಕ್ವೆರಿ ಅನ್ನೂ ಹಳೇ ಲೈಬ್ರರಿಯ ಕೋಡ್ ಇದ್ದವ್ರಿಗೆ ಈಗೂ ನಡೀತದ, ನಂಗಲ್ಲ. ಎಕ್ಸ್‌ಪ್ರೆಸ್ಸಿನ್ಯಾಗ (ಸರ್ವರ್ ಬರಿಯೂ ಲೈಬ್ರರಿ) ಖರೇನ ಒಂದು ಸಣ್ಣ ಸರ್ವರ್ ಎಬ್ಬಿಸಿ ನೋಡಿದೆ, ಪೋರ್ಟ್ (ಸರ್ವರ್ ಕುಂದ್ರೂ ನಂಬರ್) ಜಗಳ ಸಾಕಾಗಿ ಎರಡ ದಿನಕ್ಕ ಬಿಟ್ಟೆ.

ಆಮ್ಯಾಲ ಎಂಎಸ್‌ಡಬ್ಲ್ಯೂ, ಅಂದ್ರ ಮಾಕ್ ಸರ್ವಿಸ್ ವರ್ಕರ್, ಸರ್ವರ್ ಬದಲಿ ತಾನ ಉತ್ತರ ಕೊಡೂ ಲೈಬ್ರರಿ. ಶುರುವಿಗೆ ತಲಿ ಕೆಡ್ತು, ಯಾಕಂದ್ರ 2023ರ ಅಕ್ಟೋಬರ್‌ನ್ಯಾಗ ಬಂದ ಎರಡನೇ ವರ್ಷನ್‌ನ್ಯಾಗ ಬರಿಯೂ ರೀತಿನ ಬದಲಾಗೇದ, ಹಳೇ ಉದಾಹರಣಿಯೊಳಗ 'ರೆಸ್ಟ್' ಇದ್ದಲ್ಲೆ ಈಗ 'ಎಚ್‌ಟಿಟಿಪಿ', ನಾ ಹಳೇದನ್ನ ಕಾಪಿ ಹೊಡದು ಅರ್ಧ ದಿನ ಕಳಕೊಂಡೆ. ಆದ್ರ ಒಮ್ಮೆ ಕುಂತ್ರ ಕುಂತಂಗ. ನನ್ನ ಕೋಡ್ ಖರೇ ಫೆಚ್‌ನ ಕರೀತದ, ಹೊರಗ ಹೋಗೂ ರಿಕ್ವೆಸ್ಟನ್ನ ಅದು ನಡುವ ಹಿಡೀತದ, ಅಡ್ರೆಸ್ ತಪ್ಪಿದ್ರ ಯಾವ ಹ್ಯಾಂಡ್ಲರೂ (ಈ ಅಡ್ರೆಸ್ಸಿಗೆ ಈ ಉತ್ತರ ಅಂತ ನಾ ಬರದಿಟ್ಟದ್ದು) ಸಿಗೂದಿಲ್ಲ. ಅವಾಗ ಅದು ಬರೇ ವಾರ್ನಿಂಗ್ ಕೊಟ್ಟು ಸುಮ್ನಾಗ್ತದ, ಅದನ್ನ ಎರರ್ ಅಂತ ಬದಲಿ ಮಾಡ್ಕೋರಿ, ನಾ ಮಾಡಿದ ಕೂಡಲೇ ಆ ಡಬಲ್ ಸ್ಲ್ಯಾಷ್ ಸಿಕ್ಕಿಬಿತ್ತು. ಪ್ರತಿ ಟೆಸ್ಟ್ ಮುಗಿದ ಮ್ಯಾಲ ಹ್ಯಾಂಡ್ಲರ್ ರೀಸೆಟ್ ಮಾಡೂದು ಮರೀಬ್ಯಾಡ್ರಿ, ಇಲ್ಲಂದ್ರ ಒಂದು ಟೆಸ್ಟಿನ 404 ಮುಂದಿನ ಟೆಸ್ಟಿನ್ಯಾಗ ಬಂದು ಕುಂದರ್ತದ. ಇವ ಹ್ಯಾಂಡ್ಲರ್ ಬ್ರೌಸರ್‌ನ್ಯಾಗೂ ನಡೀತಾವು, ಸರ್ವರ್ ಬಂದ್ ಇದ್ದಾಗ ನಾ ಅದರ ಮ್ಯಾಲ ಕೆಲಸ ಮಾಡ್ತೀನಿ.

ಎಲ್ಲಾ ಟೆಸ್ಟಿಗೂ ಅದ ಬೇಕಂತಿಲ್ಲ ಮತ್ತ. ದರ ಸಾರ್ಟ್ ಮಾಡೂದು, ನಿನ್ನೆ ದರಕ್ಕ ಇವತ್ತಿಂದು ಹೋಲಿಸೂದು, ಇಂಥವ್ಕ ದರ ತರೂ ಫಂಕ್ಷನ್ನ ಆರ್ಗ್ಯುಮೆಂಟಾಗಿ ಹಾಕಿ ಕೊಟ್ರ ಮುಗೀತು, ನೆಟ್‌ವರ್ಕಿನ ಹೆಸರ ಇಲ್ಲ. ನನ್ನ ಟೆಸ್ಟ್‌ನ್ಯಾಗ ಅರ್ಧಕ್ಕಿಂತ ಹೆಚ್ಚು ಈಗ ಹಿಂಗ ಅವ, ಖರೇ ಫೆಚ್ ಮುಟ್ಟೂ ಒಂದ ಫೈಲಿಗೆ ಮತ್ತ ಸ್ಕ್ರೀನಿಗೆ ಅಷ್ಟ ಎಂಎಸ್‌ಡಬ್ಲ್ಯೂ.

ಆದ್ರೂ ಮೇ ತಿಂಗಳದಾಗ ಇನ್ನೊಮ್ಮೆ ಬಿತ್ತು. ಸರ್ವರ್ ಕಡೆಯವ್ರು 'ದರ' ಅನ್ನೂ ಫೀಲ್ಡಿನ ಹೆಸರ ಬದಲಿ ಮಾಡಿದ್ರು, ನಂಗ ಹೇಳ್ಲಿಲ್ಲ, ನನ್ನ ಹ್ಯಾಂಡ್ಲರ್‌ನ್ಯಾಗ ಹಳೇ ಹೆಸರ ಇತ್ತು, ಟೆಸ್ಟ್ ಮತ್ತ ಹಸಿರು. ಗುಮ್ಮಟ ಸ್ವಲ್ಪ ದೊಡ್ಡದಾಗಿತ್ತು ಅಷ್ಟ. ಈಗ ಸೋಮವಾರಕ್ಕೊಮ್ಮೆ ಕರ್ಲ್ (ಸರ್ವರ್‌ನ ನೇರ ಕೇಳೂ ಕಮಾಂಡ್) ಹೊಡದು ಖರೇ ಉತ್ತರ ಫೈಲಿನ್ಯಾಗ ಇಟ್ಕೋತೀನಿ, ಹ್ಯಾಂಡ್ಲರ್ ಆ ಫೈಲನ್ನ ಓದಿ ಕೊಡ್ತದ.