ಬೆಳಗಿನ ರೈಲಿಗೆ ಯಾರ ಬರಹ? ನನ್ನ ಓಟು ಆಸ್ಟಿನ್ ಕ್ಲಿಯಾನ್‌ಗೆ

ಮೊದಲು ದುಡ್ಡು ಕಳಕೊಂಡ ಕಥೆ ಹೇಳಿಬಿಡುತ್ತೇನೆ. ಹೋದ ವರ್ಷ ಯುಗಾದಿ ಹೊತ್ತಿಗೆ ‘ಸ್ಫೂರ್ತಿ ತುಂಬುವ’ ಬರಹಗಾರರೊಬ್ಬರ ಮೂವತ್ತು ದಿನದ ಕೋರ್ಸಿಗೆ 2,499 ರೂಪಾಯಿ ಕಟ್ಟಿದೆ. ದಿನಾ ಬೆಳಗ್ಗೆ ಐದಕ್ಕೆ ಒಂದು ವಾಯ್ಸ್ ಮೆಸೇಜು: ಏಳಿ, ಕನ್ನಡಿ ಮುಂದೆ ನಿಲ್ಲಿ, ನಾನು ಗೆಲ್ಲುತ್ತೇನೆ ಅನ್ನಿ. ಆ ಹೊತ್ತಿಗೆ ನಾನು ಚಪಾತಿ ಲಟ್ಟಿಸುತ್ತಿರುತ್ತೇನೆ. ಒಂಬತ್ತನೇ ದಿನ ‘ಮುಂದಿನ ಹಂತ’ಕ್ಕೆ ಇನ್ನೂ ಎಂಟು ಸಾವಿರ ಕೇಳಿದರು. ನಂಬರ್ ಬ್ಲಾಕ್ ಮಾಡಿದೆ. ಇನ್ನು ಮೇಲೆ ಪುಕ್ಕಟೆ ಸಿಗುವವರನ್ನಷ್ಟೇ ಓದುವುದು ಅಂತ ಗಟ್ಟಿ ಮಾಡಿಕೊಂಡೆ.

ನಾನು ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಿನಲ್ಲಿ ಓಡಾಡುವವಳು. ಸೀಟು ಸಿಕ್ಕರೆ ಒಂದು ಗಂಟೆಗೂ ಮೇಲೆ ಬಿಡುವು. ಬ್ಯಾಗಿನಲ್ಲಿ ಇನ್ನೂರು ಪುಟದ ನೋಟ್‌ಬುಕ್ ಸದಾ ಇರುತ್ತದೆ, ಸದಾ ಖಾಲಿಯೇ ಇರುತ್ತಿತ್ತು ಕೂಡ. ಹಾಗಾಗಿ ನನ್ನ ಅಳತೆಗೋಲು ಒಂದೇ: ಓದಿ ಫೋನು ಒಳಗಿಟ್ಟ ಮೇಲೆ ಆ ನೋಟ್‌ಬುಕ್ ಹೊರಗೆ ಬಂತಾ? ಎಂಟು ತಿಂಗಳು ನಾಲ್ಕು ಜನರ ಪತ್ರಗಳನ್ನು, ಅಂದರೆ ನ್ಯೂಸ್‌ಲೆಟರ್‌ಗಳನ್ನು, ಮೇಲ್‌ಗೆ ತರಿಸಿಕೊಂಡು ಓದಿದೆ. ನೋಟ್‌ಬುಕ್ ಹೊರಗೆ ತೆಗೆಸಿದ್ದು ಅಮೆರಿಕದ ಬರಹಗಾರ, ಕಲಾವಿದ ಆಸ್ಟಿನ್ ಕ್ಲಿಯಾನ್ ಒಬ್ಬನೇ.

ಸೇತ್ ಗೋಡಿನ್ ದಿನಾ ಬರೆಯುತ್ತಾರೆ. ಹಬ್ಬ ಹುಣ್ಣಿಮೆ ಏನೂ ಇಲ್ಲ, ದಿನಾ ಅಂದರೆ ದಿನಾ. ತಮ್ಮ ಕಂಪನಿಯನ್ನು 1998ರಲ್ಲಿ ಯಾಹೂಗೆ ಮಾರಿದ ಮಾರ್ಕೆಟಿಂಗ್ ಮನುಷ್ಯ. ಬರಹದ ಕೆಳಗೆ ಯಾರೂ ಪ್ರತಿಕ್ರಿಯೆ ಬರೆಯುವಂತಿಲ್ಲ, ಆ ಬಾಗಿಲನ್ನು 2006ರಲ್ಲೇ ಮುಚ್ಚಿದ್ದಾರೆ. ಒಳ್ಳೆಯದೇ ಮಾಡಿದ್ದಾರೆ. ಹತ್ತು ಹದಿನೈದು ಸಾಲು, ಕ್ಯಾತ್ಸಂದ್ರ ಬರುವಷ್ಟರಲ್ಲಿ ಮುಗಿಯುತ್ತದೆ. ಹೌದಲ್ವಾ ಅನಿಸುತ್ತದೆ. ಚಿಕ್ಕಬಾಣಾವರ ಬರುವಷ್ಟರಲ್ಲಿ ಏನು ಹೌದು ಅಂದೆ ಅನ್ನೋದು ಮರೆತಿರುತ್ತದೆ. ಅಂಗಡಿ ಇಟ್ಟವರಿಗೆ, ಸ್ವಂತ ಕಸುಬಿನವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ಓದಿ. ನಾನು ಬರೆಯುವುದು ಇನ್ನೊಬ್ಬರ ಲೆಕ್ಕ.

ಒಳ್ಳೆಯ ಅಭ್ಯಾಸ ಬೆಳೆಸಿಕೊಳ್ಳುವ ಬಗ್ಗೆ ಬರೆಯುವ ಜೇಮ್ಸ್ ಕ್ಲಿಯರ್ ಅವರದ್ದು ಗುರುವಾರದ ಪತ್ರ: ಮೂರು ವಿಚಾರ, ಬೇರೆಯವರ ಎರಡು ಮಾತು, ಒಂದು ಪ್ರಶ್ನೆ. ನನ್ನ ಮೈದುನನಿಗೆ ಕಳಿಸಿದೆ, ಅವನ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ವಾರಕ್ಕಾಗುವಷ್ಟು ಸರಕು ಸಿಕ್ಕಿತು.

ಮರಿಯಾ ಪೊಪೊವಾ ಅವರ ಬಗ್ಗೆ ಹೀಗೆ ಎರಡು ಸಾಲಿನಲ್ಲಿ ಮುಗಿಸಲಾಗದು. ಬಲ್ಗೇರಿಯಾದಿಂದ ಅಮೆರಿಕಕ್ಕೆ ಹೋದ ಹುಡುಗಿ, 2006ರಲ್ಲಿ ಜೊತೆಗೆ ಕೆಲಸ ಮಾಡುವ ಏಳು ಜನಕ್ಕೆ ವಾರಕ್ಕೊಂದು ಮೇಲ್ ಕಳಿಸುತ್ತಿದ್ದಳು. ಅದೇ ಬೆಳೆದು, ಪುಸ್ತಕ, ಕಲೆ, ವಿಚಾರಗಳ ಬಗ್ಗೆ ಬರೆಯುವ ಈಗಿನ ‘ದ ಮಾರ್ಜಿನೇಲಿಯನ್’ ತಾಣ ಆಗಿದೆ. ಜಾಹೀರಾತಿಲ್ಲ, ಮುಖ್ಯವಾಗಿ ಓದುಗರು ಕೊಟ್ಟ ಕಾಣಿಕೆಯಲ್ಲಿ ನಡೆಯುತ್ತದೆ. ಭಾನುವಾರ ಬರುವ ಪತ್ರವನ್ನು ನಾನು ಸೋಮವಾರ ರೈಲಿನಲ್ಲಿ ತೆಗೆಯುತ್ತಿದ್ದೆ. ಉದ್ದ ಜಾಸ್ತಿ. ನಾನು ಬಳಸುವ ಮೇಲ್ ಸೇವೆಗೆ ಉದ್ದನೆಯ ಪತ್ರ ಕಂಡರೆ ಆಗದು. ಸುಮಾರು 100 ಕೆಬಿ ದಾಟುತ್ತಿದ್ದಂತೆ ನಡುವೆಯೇ ಕತ್ತರಿಸಿ, ಉಳಿದದ್ದು ಬೇಕಾದರೆ ಇಲ್ಲಿ ಒತ್ತಿ ಅನ್ನುತ್ತದೆ. ಒತ್ತಿದಾಗ ನೆಟ್‌ವರ್ಕ್ ಇರಬೇಕಲ್ಲ. ನಕ್ಷತ್ರ ನೋಡುವ ಹೆಂಗಸೊಬ್ಬಳ ಕಥೆ ಒಳ್ಳೇ ಘಟ್ಟಕ್ಕೆ ಬಂದಾಗ ತುಂಡಾಗಿ, ಸುತ್ತುವ ಚಕ್ರ ನೋಡುತ್ತಾ ಕೂತಿದ್ದೇನೆ. ಆದರೂ ನಿಜ ಹೇಳಬೇಕೆಂದರೆ ತೊಡಕು ಅದಲ್ಲ. ಪೊಪೊವಾ ಓದಿದ ದಿನ ನನಗೆ ಇನ್ನಷ್ಟು ಓದಬೇಕು ಅನಿಸುತ್ತದೆಯೇ ಹೊರತು ಬರೆಯಬೇಕು ಅನಿಸುವುದಿಲ್ಲ. ಅಷ್ಟೆಲ್ಲ ಓದಿದವರ ಮುಂದೆ ನನ್ನದೇನು ಅಂತ ಪೆನ್ನು ಮುದುಡಿಕೊಳ್ಳುತ್ತದೆ.

ಕ್ಲಿಯಾನ್ ಇರುವುದು ಟೆಕ್ಸಸ್ಸಿನ ಆಸ್ಟಿನ್‌ನಲ್ಲಿ. ಊರಿನದೂ ಅವನದೂ ಒಂದೇ ಹೆಸರು. ಶುಕ್ರವಾರದ ಪತ್ರದಲ್ಲಿ ಹತ್ತು ಸಂಗತಿ: ಕೇಳಿದ ಹಾಡು, ನೋಡಿದ ಚಿತ್ರ, ಮಕ್ಕಳ ಕಿತಾಪತಿ. ಓದುವುದಕ್ಕೆ ಏನೂ ಭಾರವಿಲ್ಲ. ಅವನ ಹೆಸರು ಓಡಿದ್ದು ಬೇರೆಯದಕ್ಕೆ. ಪತ್ರಿಕೆಯ ಸುದ್ದಿಯೊಂದನ್ನು ಹಿಡಿದು, ಬೇಕಾದ ಪದಗಳನ್ನಷ್ಟೇ ಬಿಟ್ಟು ಉಳಿದದ್ದಕ್ಕೆಲ್ಲ ಕಪ್ಪು ಮಾರ್ಕರ್ ಬಳಿಯುತ್ತಾನೆ. ಉಳಿದದ್ದು ಕವಿತೆ. ಇದು ನಿನ್ನದಲ್ಲ, ಹಳೇದು ಅಂತ ಜನ ಆಡಿಕೊಂಡಾಗ ಆತನೇ ಹುಡುಕುತ್ತಾ ಹೋಗಿ, 1760ರ ದಶಕದಲ್ಲಿ ಪತ್ರಿಕೆಯ ಕಾಲಂಗಳನ್ನು ಅಡ್ಡಡ್ಡ ಓದಿ ನಗಿಸುತ್ತಿದ್ದ ಕೇಲಬ್ ವೈಟ್‌ಫರ್ಡ್‌ವರೆಗೆ ವಂಶಾವಳಿ ಹಿಡಿದು ತೋರಿಸಿದ. ಆ ಧೈರ್ಯ ನನಗೆ ಹಿಡಿಸಿತು.

ಮನೆಯಲ್ಲಿ ಪೇಪರ್ ಬರುತ್ತದೆ, ಮಗಳ ಮಾರ್ಕರ್ ಇದೆ. ಶುರುಮಾಡಿದೆ. ಎರಡು ವಾರ ಒಂದೂ ಕೂಡಿಬರಲಿಲ್ಲ.

ಕಾರಣ ಆಮೇಲೆ ಹೊಳೆಯಿತು. ಇಂಗ್ಲಿಷಿನಲ್ಲಿ ‘ಆಫ್’, ‘ವಿತ್’, ‘ಫ್ರಂ’ ಬಿಡಿಬಿಡಿಯಾಗಿ ಬಿದ್ದಿರುತ್ತವೆ, ಯಾವುದನ್ನು ಯಾವುದಕ್ಕೆ ಬೇಕಾದರೂ ಗಂಟು ಹಾಕಬಹುದು. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಂಡಿರುತ್ತದೆ. ‘ಅಧಿಕಾರಿಗಳೊಂದಿಗೆ’ ಅನ್ನುವುದನ್ನು ಉಳಿಸಿಕೊಂಡರೆ ಆ ಅಧಿಕಾರಿಗಳ ಜೊತೆ ಏನಾದರೂ ಮಾಡಲೇಬೇಕು. ಅಮ್ಮ ಬೇಕು ಅಂತ ಹುಡುಕಿದರೆ ‘ಅಮ್ಮನವರ ಜಾತ್ರಾ ಮಹೋತ್ಸವದಲ್ಲಿ’ ಸಿಗುತ್ತಾಳೆ.

ಇನ್ನೊಂದು ಕಾಟ ಒತ್ತಕ್ಷರದ್ದು. ಪೇಪರಿನ ಸಾಲುಗಳು ಒತ್ತೊತ್ತಾಗಿರುತ್ತವೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೇ ಕೂತಿರುತ್ತದೆ. ಕೆಳಗಿನ ಸಾಲಿಗೆ ದಪ್ಪ ಮಾರ್ಕರ್ ಎಳೆದರೆ ಮೇಲೆ ಜೋಪಾನವಾಗಿ ಉಳಿಸಿಕೊಂಡಿದ್ದ ‘ಕಣ್ಣು’ ‘ಕಣು’ ಆಗಿರುತ್ತದೆ. ಶಾಯಿ ಬೇರೆ ಹಿಂದಿನ ಪುಟಕ್ಕೆ ಇಳಿದು ಮಾವನವರ ಪದಬಂಧ ಹಾಳು. “ಪೇಪರ್ ಓದೋಕಮ್ಮಾ, ಬಣ್ಣ ಬಳಿಯೋಕಲ್ಲ” ಅಂದರು. ತೆಳು ಮೊನೆಯ ಪೆನ್ನು ತಂದೆ. ನಿನ್ನೆಯ ಪೇಪರ್ ಮಾತ್ರ ಮುಟ್ಟುವುದು ಅಂತ ಮಾವನವರ ಜೊತೆ ಒಪ್ಪಂದವಾಯಿತು.

ಮೂರನೇ ವಾರ, ಸೀಟು ಸಿಕ್ಕ ಒಂದು ದಿನ, ತೊಡೆ ಮೇಲೆ ಈ ಸುದ್ದಿ: ‘ನಗರದ ಆರು ವಾರ್ಡ್‌ಗಳಲ್ಲಿ ಎರಡು ದಿನ ನೀರು ಬರುವುದಿಲ್ಲ.’ ಇಡೀ ಪದ ಉಳಿಸಬೇಕು ಅಂತ ಯಾರು ಹೇಳಿದರು? ‘ನಗರದ’ ಪದದ ನಡುವಿನ ‘ರ’ಕ್ಕೆ ಒಂದು ಕಪ್ಪು ಚುಕ್ಕೆ ಇಟ್ಟೆ. ಆರು ವಾರ್ಡ್ ಅಳಿಸಿದೆ. ಉಳಿದದ್ದು:

ನಗದ
ಎರಡು ದಿನ
ನೀರು ಬರುವುದಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಬಗ್ಗಿ ಓದಿ, “ಯಾರದ್ರೀ ಇದು?” ಅಂದರು. ಪಾಲಿಕೆಯದು ಅಂದೆ. ಕತ್ತರಿಸಿ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿದೆ. ಪ್ರತ್ಯಯ ಅಂಟಿಕೊಂಡಿರುವುದು ಕನ್ನಡಕ್ಕೆ ಅಡ್ಡಿ ಅಂದುಕೊಂಡಿದ್ದೆನಲ್ಲ, ಪದದ ಒಳಗೇ ಕೈ ಹಾಕಬಹುದು ಅಂತ ಗೊತ್ತಾದ ಮೇಲೆ ಅದೇ ಲಾಭವಾಯಿತು. ಈಗ ಮೂವತ್ತೆಂಟು ಪುಟ ತುಂಬಿದೆ. ಅದರಲ್ಲಿ ಒಳ್ಳೆಯವು ಐದೋ ಆರೋ ಇರಬಹುದು.

ಕ್ಲಿಯಾನ್‌ದು ಶುಕ್ರವಾರದ ಪತ್ರ ಪುಕ್ಕಟೆ, ಮಂಗಳವಾರದ್ದಕ್ಕೆ ಡಾಲರಿನಲ್ಲಿ ಚಂದಾ. ಕಟ್ಟಿಲ್ಲ, ಕಟ್ಟುವುದೂ ಇಲ್ಲ. ಆ ದುಡ್ಡಿಗೆ ವರ್ಷದ ಪೆನ್ನು, ಗೋಂದು ಬರುತ್ತದೆ.

ಇಂಗ್ಲಿಷ್ ಬೇಡ ಅನ್ನುವವರಿಗೆ ಟಿ. ಜಿ. ಶ್ರೀನಿಧಿಯವರ ಇಜ್ಞಾನ ಹೇಳುತ್ತೇನೆ. ಅಲ್ಲಿರುವುದು ವಿಜ್ಞಾನ, ತಂತ್ರಜ್ಞಾನ. ಸ್ಫೂರ್ತಿ ಅಂತ ಬೋರ್ಡು ಹಾಕಿಲ್ಲ. ಕಂಪ್ಯೂಟರಿನ ವಿಚಾರವನ್ನು ತಡವರಿಸದೆ ಕನ್ನಡದಲ್ಲಿ ಹೇಳಬಹುದು ಅಂತ ನೋಡುವುದಕ್ಕಾದರೂ ಓದಬೇಕು. ಮಗಳ ಪ್ರಾಜೆಕ್ಟಿಗೂ ಆಗುತ್ತದೆ.

ಈಗಿನ ವ್ಯವಸ್ಥೆ ಹೀಗಿದೆ: ಗೋಡಿನ್ ಬಿಟ್ಟೆ. ಪೊಪೊವಾ ಪತ್ರವನ್ನು ಭಾನುವಾರ ರಾತ್ರಿಯೇ, ಮನೆಯ ವೈಫೈನಲ್ಲಿ ಪೂರ್ತಿ ತೆರೆದಿಟ್ಟುಕೊಂಡು, ಪಾತ್ರೆ ತೊಳೆದ ಮೇಲೆ ಓದುತ್ತೇನೆ. ಕ್ಲಿಯಾನ್ ಶನಿವಾರಕ್ಕೆ. ಉಳಿದ ದಿನ ರೈಲಿನಲ್ಲಿ ಫೋನು ತೆಗೆಯುವುದೇ ಇಲ್ಲ, ಬ್ಯಾಗಿನಲ್ಲಿ ನಿನ್ನೆಯ ಪೇಪರ್ ಇರುತ್ತದೆ. ಪದಬಂಧದ ಪುಟ ಮಾತ್ರ ಮಾವನವರು ಮೊದಲೇ ತೆಗೆದಿಟ್ಟುಕೊಂಡಿರುತ್ತಾರೆ.