ವಾಶ್‌ಬೇಸಿನ್ ಪಕ್ಕದ ಜಿಎಫ್‌ಸಿಐ ಸಾಕೆಟ್: ನಾಲ್ಕು ತಿಂಗಳು ಬಳಸಿದ ಮೇಲೆ

ಆಫೀಸಿನ ರೆಸ್ಟ್‌ರೂಮ್‌ನಲ್ಲಿ ವಾಶ್‌ಬೇಸಿನ್ ಪಕ್ಕ ಇದ್ದ ಮಾಮೂಲಿ ಪ್ಲಗ್ ಪಾಯಿಂಟ್ ತೆಗೆಸಿ ಜಿಎಫ್‌ಸಿಐ ಸಾಕೆಟ್ (ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸಾಕೆಟ್) ಹಾಕಿಸಿ ನಾಲ್ಕು ತಿಂಗಳಾಯಿತು. ನೋಡೋಕೆ ಸಾದಾ ಸಾಕೆಟ್ಟೇ. ನಡುವೆ ಟೆಸ್ಟ್, ರೀಸೆಟ್ ಅಂತ ಎರಡು ಪುಟ್ಟ ಬಟನ್, ಪಕ್ಕದಲ್ಲೊಂದು ಹಸಿರು ದೀಪ, ಅಷ್ಟೇ.

ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಬೋರ್ಡಿನ ಸ್ವಿಚ್) ಇದೆಯಲ್ಲ, ಇದ್ಯಾಕೆ ದಂಡಕ್ಕೆ ಅಂತ ಮೊದಲು ನಾನೇ ತಗಾದೆ ತೆಗೆದಿದ್ದೆ. ಆದರೆ ಎಂಸಿಬಿ ಕಾಯೋದು ವೈರನ್ನು. ಒದ್ದೆ ಕೈಯಿಂದ ಮೈಯೊಳಗೆ 50 ಮಿಲಿಆಂಪಿಯರ್ ಹರಿದರೆ ಜೀವಕ್ಕೇ ಅಪಾಯ, 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಈ ಸಾಕೆಟ್ ಮಾತ್ರ ಫೇಸ್‌ನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಸದಾ ನೋಡುತ್ತಿರುತ್ತದೆ, 4ರಿಂದ 6 ಮಿಲಿಆಂಪಿಯರ್ ಸೋರಿದರೂ ಟಕ್ ಅಂತ ಕಟ್ ಮಾಡುತ್ತದೆ. ಬೋರ್ಡಿನಲ್ಲಿ ಕೂರಿಸುವ 30 ಮಿಲಿಆಂಪಿಯರ್ ಆರ್‌ಸಿಡಿ ಮಾಡೋದೂ ಇದೇ ಕೆಲಸ. ಹಾಗಂತ ಫೇಸು, ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಇದಕ್ಕೂ ಗೊತ್ತಾಗಲ್ಲ.

ಹಾಕಿಸಿದ ದಿನ ಎಲೆಕ್ಟ್ರಿಷಿಯನ್ ಲೈನ್ ವೈರನ್ನು, ಅಂದರೆ ಕರೆಂಟ್ ತರುವ ವೈರನ್ನು, ಲೋಡ್ ಕಡೆ (ಸಾಕೆಟ್‌ನಿಂದ ಮುಂದಕ್ಕೆ ಕರೆಂಟ್ ಹೋಗುವ ಕಡೆ) ಕೊಟ್ಟುಬಿಟ್ಟಿದ್ದರು. ರೀಸೆಟ್ ಎಷ್ಟು ಒತ್ತಿದರೂ ನಿಲ್ಲಲೇ ಇಲ್ಲ. ವೈರ್ ಅದಲು ಬದಲು ಮಾಡಿದ ಮೇಲೆ ಸರಿಹೋಯಿತು.

ನಿಜವಾದ ಗಲಾಟೆ ಶುರುವಾಗಿದ್ದು ಎರಡನೇ ವಾರ. ಕೈ ಒಣಗಿಸುವ ಮಷಿನ್ನನ್ನೂ ಇದರ ಲೋಡ್‌ಗೇ ಸೇರಿಸಿದ್ದೆವು. ಬೆಳಗ್ಗೆ ಬಂದರೆ ಟ್ರಿಪ್, ರೀಸೆಟ್ ಒತ್ತಿದರೂ ನಿಲ್ಲಲ್ಲ, ಮಧ್ಯಾಹ್ನದ ಹೊತ್ತಿಗೆ ಒತ್ತಿದರೆ ಸರಿ. ಮತ್ತೆ ಮರುದಿನ ಬೆಳಗ್ಗೆ ಟ್ರಿಪ್. ಸಾಕೆಟ್ಟೇ ಡಬ್ಬಾ, ಹಳೇದೇ ಹಾಕಿಸಿ ಅಂತ ಎಲ್ಲರ ಬಾಯಲ್ಲೂ ಅದೇ ಮಾತು, ನನಗೂ ಹಾಗೇ ಅನಿಸತೊಡಗಿತ್ತು. ಕೊನೆಗೆ ಕರೆಂಟ್ ಆಫ್ ಮಾಡಿಸಿ ಮಷಿನ್ನಿನ ಕವರ್ ಬಿಚ್ಚಿಸಿ ನೋಡಿದರೆ ಒಳಗೆ ನೀರಿನ ಹನಿಗಳು, ಹಿತ್ತಾಳೆ ಸ್ಕ್ರೂ ಮೇಲೆ ಹಸಿರು ಕಿಲುಬು. ರಾತ್ರಿ ಕ್ಲೀನ್ ಮಾಡುವವರು ಪೈಪ್ ಹಿಡಿದು ಗೋಡೆಗೂ ನೀರು ಹೊಡೆಯುತ್ತಿದ್ದರಂತೆ! ಕಿಲುಬು ಕಟ್ಟಬೇಕಾದರೆ ಎಷ್ಟು ದಿನದಿಂದ ನೀರು ಹೋಗ್ತಿತ್ತೋ ಏನೋ, ಹಳೇ ಪಾಯಿಂಟ್ ಒಂದು ದಿನವೂ ಉಸಿರೆತ್ತಿರಲಿಲ್ಲ ಅಲ್ವಾ. ಅದೇ ಮಷಿನ್ನಿಗೆ ದಿನಕ್ಕೆ ನಾಲ್ಕು ಸಲ ಒದ್ದೆ ಕೈ ಒಡ್ಡಿ ನಿಲ್ಲುತ್ತಿದ್ದವನು ನಾನು.

ಬೇಜಾರಾಗಿದ್ದು ಕವರ್ ವಿಷಯದಲ್ಲಿ. ಜೊತೆಗೆ ಬಂದ ಮುಚ್ಚಳ ಏನೂ ಚುಚ್ಚದಿದ್ದಾಗ ಮಾತ್ರ ಮುಚ್ಚುತ್ತದೆ. ಟ್ರಿಮ್ಮರ್ ಚುಚ್ಚಿದರೆ ಮುಚ್ಚಳ ಬಾಯಿ ತೆರೆದೇ ಇರುತ್ತದೆ, ನೀರು ಸಿಡಿಯೋದೂ ಆಗಲೇ. ಪ್ಲಗ್ ಒಳಗಿದ್ದರೂ ಮುಚ್ಚುವ ಉಬ್ಬು ಕವರ್ ಬೇರೆ ತರಿಸಬೇಕಾಯಿತು. ಇನ್ನೊಂದು, ಮಷಿನ್ ನಿಂತಾಗ ರೀಸೆಟ್ ಬಟನ್ ವಾಶ್‌ಬೇಸಿನ್ ಹತ್ತಿರ ಇದೆ ಅಂತ ಯಾರಿಗೂ ಹೊಳೆಯಲ್ಲ. ಒಂದು ಸ್ಟಿಕ್ಕರ್ ಅಂಟಿಸಿದ್ದೇವೆ.

ತಿಂಗಳಿಗೊಮ್ಮೆ ಟೆಸ್ಟ್ ಒತ್ತಿ ನೋಡಬೇಕು. ಮಷಿನ್ ಆಫ್ ಆಗಬೇಕು, ರೀಸೆಟ್ ಒತ್ತಿದರೆ ವಾಪಸ್ ಬರಬೇಕು. ಆಫ್ ಆಗದಿದ್ದರೆ ಸಾಕೆಟ್ ಬದಲಾಯಿಸಿ. ಕವರ್‌ಗೆ ಒಂದು ಸ್ಟಾರ್ ಕಟ್, ಐದಕ್ಕೆ ನಾಲ್ಕು.