ಮನೆಬಳಕೆಯ ವ್ಯಾಕ್ಯೂಮ್ ಸೀಲರ್: ಮೂರು ವರ್ಷ ಬಳಸಿದ ಮೇಲೆ

ಇದು ಚೀಲದ ಬಾಯಿಯನ್ನಷ್ಟೇ ಕಚ್ಚಿಕೊಂಡು ಒಳಗಿನ ಗಾಳಿ ಎಳೆದು, ಬಿಸಿ ಪಟ್ಟಿಯಿಂದ ಬೆಸೆಯುವ ಮನೆಬಳಕೆಯ ವ್ಯಾಕ್ಯೂಮ್ ಸೀಲರ್ ಕುರಿತ ವಿಮರ್ಶೆ. ಬಾಯಿಯ ಅಗಲ 30 ಸೆಂ.ಮೀ., ವಿದ್ಯುತ್ 120 ವ್ಯಾಟ್, ಬಳಕೆ ಮೂರು ವರ್ಷ, ವಾರಕ್ಕೆ ಸುಮಾರು ಹತ್ತು ಚೀಲ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಕೊಳ್ಳಬಹುದಾದ ಯಂತ್ರ. ಆದರೆ ಯಂತ್ರ ತಂದ ಮಾತ್ರಕ್ಕೆ ಆಹಾರ ಉಳಿಯುವುದಿಲ್ಲ. ಚೀಲವನ್ನು ಯಾವ ಅಳತೆಗೆ ಕತ್ತರಿಸುತ್ತೀರಿ, ಒಂದೊಂದರಲ್ಲಿ ಎಷ್ಟು ತುಂಬುತ್ತೀರಿ, ಅದರ ತುಟಿ ಎಷ್ಟು ಒಣಗಿರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದನ್ನು ಕೊಂಡವರು ಆ ದಿನದಿಂದ ಪ್ಯಾಕೇಜಿಂಗ್ ವಿನ್ಯಾಸದ ಕೆಲಸವನ್ನೂ ವಹಿಸಿಕೊಂಡ ಹಾಗೆ.

ಆ ಕೆಲಸ ಸಣ್ಣದಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲೇ. ಕಾರ್ಖಾನೆಯ ಪ್ಯಾಕೆಟ್ ಎಷ್ಟೇ ಚೆನ್ನಾಗಿರಲಿ, ಕತ್ತರಿ ಹಾಕಿದ ಕ್ಷಣಕ್ಕೆ ಅದರ ಕೆಲಸ ಮುಗಿಯುತ್ತದೆ. ಅಲ್ಲಿಂದ ಮುಂದಿನದು ಅಡುಗೆಮನೆಯ ಜವಾಬ್ದಾರಿ.

ಮೊದಲು ಯಂತ್ರ ನಿಜಕ್ಕೂ ಎಷ್ಟು ಗಾಳಿ ತೆಗೆಯುತ್ತದೆ ಎಂದು ನೋಡೋಣ. ಡಬ್ಬದ ಮೇಲೆ ‘ಮೈನಸ್ 80 ಕಿಲೋಪಾಸ್ಕಲ್’ ಎಂದು ಬರೆದಿರುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪಾಸ್ಕಲ್. ಅದರಲ್ಲಿ 80 ಕಳೆದರೆ ಐದರಲ್ಲಿ ಒಂದು ಪಾಲು ಉಳಿಯಿತು. ಗಾಳಿಯಲ್ಲಿ ಆಮ್ಲಜನಕ ಶೇ 21 ಇರುವುದರಿಂದ, ಚೀಲದೊಳಗೆ ಉಳಿದದ್ದು ಶೇ 4ಕ್ಕೆ ಸಮ. 60 ಕಿಲೋಪಾಸ್ಕಲ್ ಮಾತ್ರ ಎಳೆಯುವ ಪಂಪಿನಲ್ಲಿ ಶೇ 8ಕ್ಕೂ ಹೆಚ್ಚು ಉಳಿಯುತ್ತದೆ. ಎಣ್ಣೆಯಂಶ ಕಮಟಾಗುವುದನ್ನು ನಿಧಾನಗೊಳಿಸಲು ಇಷ್ಟು ಸಾಕು, ಬೂಷ್ಟನ್ನು ಪೂರ್ತಿ ತಡೆಯಲು ಸಾಲದು. ಎತ್ತರದ ಪ್ರದೇಶದಲ್ಲಿರುವವರಿಗೆ ಇನ್ನೊಂದು ಮಾತು: 1000 ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡವೇ ಸುಮಾರು 90 ಕಿಲೋಪಾಸ್ಕಲ್. ನಿಗದಿತ ಒತ್ತಡ ಮುಟ್ಟಿದ ಮೇಲೇ ಬೆಸೆಯುವ ಸ್ವಯಂಚಾಲಿತ ಯಂತ್ರ ಅಲ್ಲಿ ಎಳೆಯುತ್ತಲೇ ಇದ್ದರೆ, ಕೆಟ್ಟಿದೆ ಎಂದುಕೊಳ್ಳಬೇಡಿ. ಚೀಲ ಬಿಗಿಯಾದೊಡನೆ ಕೈಯಿಂದ ‘ಸೀಲ್’ ಗುಂಡಿ ಒತ್ತಿ.

ಈ ಯಂತ್ರ ಹೆಚ್ಚು ಉಪಯೋಗಕ್ಕೆ ಬಂದದ್ದು ಫ್ರೀಜರ್‌ನಲ್ಲಿ. ಅಲ್ಲಿ ಆಹಾರದ ಮೇಲ್ಮೈ ಬಿಳಿಚಿ, ಒಣಗಿ, ನಾರಾಗುವುದಕ್ಕೆ ಕಾರಣ ಅದರೊಳಗಿನ ಮಂಜು ನೇರವಾಗಿ ಆವಿಯಾಗಿ ಪ್ಯಾಕೆಟ್ಟಿನ ಖಾಲಿ ಜಾಗ ಸೇರುವುದು. ಪ್ಯಾಕೆಟ್ಟಿನ ಒಳಗೋಡೆಗೆ ಅಂಟಿಕೊಂಡ ಹಿಮದ ಪುಡಿ ಬೇರೆಲ್ಲಿಂದಲೋ ಬಂದದ್ದಲ್ಲ, ಆಹಾರದ ತೇವವೇ. ಚೀಲ ಮೈಗೆ ಅಂಟಿ ಕೂತರೆ ಖಾಲಿ ಜಾಗವೇ ಇರುವುದಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಸಾಧಾರಣ ಕವರಿನಲ್ಲಿಟ್ಟ ಮಾಂಸ ಒಂದೆರಡು ತಿಂಗಳಲ್ಲೇ ಅಂಚು ಒಣಗಿಸಿಕೊಂಡರೆ, ಬಿಗಿ ಚೀಲದ್ದು ಆರು ತಿಂಗಳಾದರೂ ಬಣ್ಣ ಬಿಟ್ಟಿರಲಿಲ್ಲ.

ಚೀಲದ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು. ಚೀಲಗಳನ್ನು ಕತ್ತರಿಸಿಕೊಳ್ಳುವ ಹಾಳೆಯ ಸುರುಳಿಗೆ ರೋಲ್ ಎನ್ನುತ್ತಾರೆ. ಒಳ್ಳೆಯ ರೋಲ್‌ನಲ್ಲಿ ಹೊರಪದರ ನೈಲಾನ್, ಒಳಪದರ ಪಾಲಿಥಿನ್. ನೈಲಾನ್ ಆಮ್ಲಜನಕಕ್ಕೆ ಅಡ್ಡ ನಿಲ್ಲುತ್ತದೆ, ಪಾಲಿಥಿನ್ ತೇವವನ್ನು ತಡೆಯುತ್ತದೆ ಮತ್ತು ಕರಗಿ ಬೆಸೆದುಕೊಳ್ಳುತ್ತದೆ. ಬರೀ ಪಾಲಿಥಿನ್ ಚೀಲವೂ ಚೆನ್ನಾಗಿಯೇ ಬೆಸೆದುಕೊಳ್ಳುತ್ತದೆ, ಆದರೆ ಆಮ್ಲಜನಕ ಆ ಹಾಳೆಯ ಮೂಲಕವೇ ದಿನದಿನವೂ ಒಳಗೆ ಇಳಿಯುತ್ತಿರುತ್ತದೆ. ದಪ್ಪ 90 ಮೈಕ್ರಾನ್ ಇದ್ದರೆ ಫ್ರೀಜರ್‌ಗೆ ಧೈರ್ಯವಾಗಿ ಇಡಬಹುದು. ಒಂದು ಬದಿಯಲ್ಲಿ ಉಬ್ಬುಗೆರೆಗಳಿರುವುದು ಅಂದಕ್ಕಲ್ಲ. ಗಾಳಿ ಹೊರಹೋಗಲು ಅವೇ ಕಾಲುವೆಗಳು. ನಯವಾದ ಚೀಲವನ್ನು ಈ ಯಂತ್ರಕ್ಕೆ ಕೊಟ್ಟರೆ ಎರಡೂ ಹಾಳೆಗಳು ಬಾಯಿಯ ಬಳಿ ಅಂಟಿಕೊಂಡು ತಳದ ಗಾಳಿ ಅಲ್ಲೇ ಉಳಿಯುತ್ತದೆ. ಉಬ್ಬುಗೆರೆ ಚೀಲದ ಚೂರಿನಿಂದ 4 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ ನಯವಾದ ಚೀಲದ ಬಾಯೊಳಗೆ ಇಟ್ಟರೆ ಅದರ ಮೂಲಕ ಗಾಳಿ ಬರುತ್ತದೆ, ಪಟ್ಟಿಯೂ ಸೇರಿಯೇ ಬೆಸೆದುಕೊಳ್ಳುತ್ತದೆ.

ಬೆಸುಗೆಯನ್ನು ಬೆಳಕಿಗೆ ಹಿಡಿದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಸರಿಯಾದ ಬೆಸುಗೆ ಗಾಜಿನ ಗೆರೆಯಂತೆ ತಿಳಿಯಾಗಿ, ಈ ಅಂಚಿನಿಂದ ಆ ಅಂಚಿಗೆ ಒಂದೇ ಅಗಲವಾಗಿರುತ್ತದೆ. ಉಬ್ಬುಗೆರೆಗಳು ಅದರೊಳಗೆ ಕರಗಿ ಮಟ್ಟಸವಾಗಿರುತ್ತವೆ. ಗೆರೆ ಹಾಲು ಚೆಲ್ಲಿದಂತೆ ಮಸುಕಾಗಿದ್ದರೆ ಶಾಖ ಸಾಲಲಿಲ್ಲ. ಸಾಸಿವೆಗಿಂತ ಸಣ್ಣ ಗುಳ್ಳೆಗಳ ಸಾಲು ಕಂಡರೆ ತುಟಿಯಲ್ಲಿ ನೀರಿತ್ತು, ಬಿಸಿಗೆ ಅದು ಆವಿಯಾಗಿ ಹಾಳೆಗಳನ್ನು ದೂರ ತಳ್ಳಿತು. ಗೆರೆ ಸುರುಟಿಕೊಂಡಿದ್ದರೆ ಪಟ್ಟಿ ಅತಿ ಕಾದಿದೆ. ಹತ್ತು ಚೀಲವನ್ನು ಒಂದೇ ಸಮನೆ ಬೆಸೆದಾಗ ಹೀಗಾಗುತ್ತದೆ, ಒಂದೊಂದರ ನಡುವೆ ಅರ್ಧ ನಿಮಿಷವಾದರೂ ಬಿಡಬೇಕು. ಎಲ್ಲಕ್ಕಿಂತ ಮೋಸದ್ದು ಕೂದಲೆಳೆಯಷ್ಟು ಸಣ್ಣ ಅಡ್ಡಗೆರೆ. ಅದು ಮಡಿಕೆ. ಯಂತ್ರದಿಂದ ತೆಗೆದಾಗ ಚೀಲ ಕಲ್ಲಿನಂತಿರುತ್ತದೆ, ಬೆಳಗಾಗುವಷ್ಟರಲ್ಲಿ ಸಡಿಲವಾಗಿರುತ್ತದೆ. ಮುಚ್ಚಳ ಒತ್ತುವಾಗ ಚೀಲದ ಎರಡೂ ಮೂಲೆಗಳನ್ನು ಹೊರಕ್ಕೆ ಎಳೆದು ಹಿಡಿದರೆ ಮಡಿಕೆ ಬೀಳುವುದಿಲ್ಲ. ಮಹತ್ವದ್ದೇನಾದರೂ ಇಡುವಾಗ ಅರ್ಧ ಸೆಂ.ಮೀ. ಅಂತರದಲ್ಲಿ ಎರಡು ಬೆಸುಗೆ ಹಾಕಿ.

ರಸವಿರುವ ಪದಾರ್ಥಗಳೇ ಈ ಮಾದರಿಯ ದೌರ್ಬಲ್ಯ. ಗಾಳಿಯ ಜೊತೆ ರಸವೂ ಮೇಲೇರಿ ತುಟಿಗೆ ಬಂದು ಬೆಸುಗೆ ಕೆಡಿಸುತ್ತದೆ, ಯಂತ್ರದಲ್ಲಿ ರಸ ಸೇರಲೆಂದು ಇರುವ ತಟ್ಟೆ ತುಂಬಿದರೆ ಪಂಪನ್ನೂ ಸೇರುತ್ತದೆ. ತುಂಬುವ ಮೊದಲು ಚೀಲದ ಬಾಯಿಯನ್ನು 7 ಸೆಂ.ಮೀ. ಹೊರಮಡಚಿ, ತುಂಬಿದ ಮೇಲೆ ಬಿಚ್ಚಿದರೆ ತುಟಿ ಒದ್ದೆಯಾಗದು. ಮಾಂಸ, ಮೀನುಗಳಿಗೆ ಬಾಯಿಯ ಕೆಳಗೆ ಅಡ್ಡಲಾಗಿ ಮಡಚಿದ ಕಾಗದದ ಟವೆಲ್ ಸಾಕು. ಸಾರು, ಗೊಜ್ಜು, ಹಣ್ಣಿನ ತಿರುಳನ್ನು ತಟ್ಟೆಯಲ್ಲೋ ಅಚ್ಚಿನಲ್ಲೋ ಮೊದಲು ಗಟ್ಟಿಗಟ್ಟಿಸಿ ಆಮೇಲೆ ಚೀಲಕ್ಕೆ ಹಾಕಿ. ಬ್ರೆಡ್‌ನಂಥ ಮೆತ್ತನೆಯದನ್ನೂ ಒಂದು ಗಂಟೆ ಫ್ರೀಜರ್‌ನಲ್ಲಿಟ್ಟು ಗಡುಸಾದ ಮೇಲೇ ಬೆಸೆಯಬೇಕು, ಇಲ್ಲವಾದರೆ ಅಪ್ಪಚ್ಚಿಯಾಗುತ್ತದೆ. ಹಿಟ್ಟು, ಪುಡಿಗಳು ಪಂಪಿಗೆ ಹೋಗದಂತೆ ಮೇಲೊಂದು ಕಾಗದ ಮುಚ್ಚಿ. ಮೂಳೆಯ ತುದಿಗೂ ಅದನ್ನೇ ಸುತ್ತಿದರೆ ಚೀಲಕ್ಕೆ ತೂತು ಬೀಳುವುದಿಲ್ಲ.

ಇನ್ನು ತುಂಬುವ ಪ್ರಮಾಣ. ವ್ಯರ್ಥ ತಗ್ಗುವುದು ಬಹುಪಾಲು ಇಲ್ಲೇ, ಹೆಚ್ಚಿನವರು ತಪ್ಪುವುದೂ ಇಲ್ಲೇ. ಒಂದು ಕಿಲೋ ಮಾಂಸವನ್ನು ಒಂದೇ ಚೀಲದಲ್ಲಿ ಬೆಸೆದರೆ, 250 ಗ್ರಾಂ ಬೇಕಾದ ದಿನ ಕಿಲೋ ಪೂರ್ತಿ ಕರಗಿಸಬೇಕು, ಉಳಿದ 750 ಗ್ರಾಂ ಮತ್ತೆ ಅಪಾಯಕ್ಕೆ ಬಿತ್ತು. ಒಂದು ಹೊತ್ತಿನ ಅಡುಗೆಗೆ ಎಷ್ಟು ಬೇಕೋ ಅಷ್ಟೇ ಒಂದು ಚೀಲಕ್ಕೆ. ಪ್ಲಾಸ್ಟಿಕ್ ಹೆಚ್ಚಾಗುತ್ತದೆ ಎನ್ನುವ ಆಕ್ಷೇಪ ನ್ಯಾಯವೇ, ಹಾಗಾಗಿ ಲೆಕ್ಕ ಹಾಕಿ ನೋಡಿ: ಪ್ರತಿ ಚೀಲದಲ್ಲಿ ಬೆಸುಗೆಗೂ ಬಾಯಿಗೂ ಹೋಗುವುದು ಸುಮಾರು 7 ಸೆಂ.ಮೀ. ಒಂದರ ಬದಲು ನಾಲ್ಕು ಚೀಲವಾದರೆ ಹೆಚ್ಚುವರಿ ಬೇಕಾದದ್ದು 21 ಸೆಂ.ಮೀ. ರೋಲ್. ಮುಕ್ಕಾಲು ಕಿಲೋ ಮಾಂಸವನ್ನು ಬೆಳೆಸಿ ಅಡುಗೆಮನೆಗೆ ತಲುಪಿಸಲು ಖರ್ಚಾದ ನೀರು, ಮೇವು, ಇಂಧನದ ಮುಂದೆ ಆ 21 ಸೆಂ.ಮೀ. ಹಾಳೆ ಬಹಳ ಸಣ್ಣದು. ಸೊಪ್ಪುಗಡ್ಡೆಗಳ ಲೆಕ್ಕ ಬೇರೆ. ಅಲ್ಲಿ ಹಾಳೆಯ ಪಾಲು ದೊಡ್ಡದಾಗುತ್ತದೆ, ಅದಕ್ಕೇ ನಾಲ್ಕು ದಿನದಲ್ಲಿ ತಿಂದು ಮುಗಿಸುವುದನ್ನು ಬೆಸೆಯುವ ಅಗತ್ಯವೇ ಇಲ್ಲ.

ಚೀಲವನ್ನು 2 ಸೆಂ.ಮೀ. ದಪ್ಪಕ್ಕೆ ಚಪ್ಪಟೆ ಮಾಡಿ ಹೆಪ್ಪುಗಟ್ಟಿಸಿ. ದಪ್ಪ ಎರಡರಷ್ಟಾದರೆ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ಸುಮಾರು ನಾಲ್ಕು ಪಟ್ಟಾಗುತ್ತದೆ, ನಿಧಾನ ಹೆಪ್ಪುಗಟ್ಟಿದಷ್ಟೂ ಮಂಜಿನ ಹರಳು ದೊಡ್ಡದಾಗಿ ಕರಗಿಸಿದಾಗ ರಸ ಸೋರುತ್ತದೆ. ಚಪ್ಪಟೆ ಚೀಲಗಳನ್ನು ಪುಸ್ತಕದಂತೆ ನಿಲ್ಲಿಸಬಹುದು. ಕಣ್ಣಿಗೆ ಕಾಣುವುದರಿಂದ ತಳದಲ್ಲಿ ಮರೆತುಹೋಗುವುದಿಲ್ಲ. ಹೆಸರು, ತೂಕ, ತಾರೀಖನ್ನು ತುಂಬುವ ಮೊದಲೇ, ಚೀಲದ ತಳದ ಅಂಚಿನಲ್ಲಿ ಮಾರ್ಕರ್‌ನಿಂದ ಬರೆಯಿರಿ. ಬಾಯಿಯ ಬಳಿ ಬರೆದರೆ ಮೊದಲ ಸಲ ಕತ್ತರಿಸಿದಾಗಲೇ ಅದು ಹೋಗುತ್ತದೆ. ಕಾಗದದ ಚೀಟಿ ಫ್ರೀಜರ್ ತೇವಕ್ಕೆ ಉದುರುತ್ತದೆ.

ಈಗ ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಳಿ ತೆಗೆದ ಚೀಲ ತಂಪಿಗೆ ಬದಲಿಯಲ್ಲ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಆಮ್ಲಜನಕ ಇಲ್ಲದ ಕಡೆಯೇ ಬೆಳೆಯುವಂಥದು. ಅದರ ಕೆಲವು ತಳಿಗಳು 3 ಡಿಗ್ರಿ ಸೆಲ್ಸಿಯಸ್‌ನಲ್ಲೂ ಬೆಳೆಯಬಲ್ಲವು. ಅದು ಬಿಡುವ ವಿಷಕ್ಕೆ ವಾಸನೆಯಿರಬೇಕೆಂದಿಲ್ಲ, ಚೀಲ ಉಬ್ಬಬೇಕೆಂದೂ ಇಲ್ಲ. ಮನೆಯ ಫ್ರಿಜ್ ಸಾಮಾನ್ಯವಾಗಿ 4–5 ಡಿಗ್ರಿಯಲ್ಲಿರುತ್ತದೆ. ಫ್ರಿಜ್‌ನ ತಂಪೇ ಪೂರ್ತಿ ಸಾಲದಿರುವಾಗ, ಹಸಿ ಬೆಳ್ಳುಳ್ಳಿ, ಅಣಬೆ, ಎಣ್ಣೆಯಲ್ಲಿ ನೆನೆಸಿದ ಸೊಪ್ಪುಗಳನ್ನು ಬೆಸೆದು ಹೊರಗಿಡುವುದು ಬೇಡವೇ ಬೇಡ. ಪ್ಯಾಕೆಟ್ ಮೇಲೆ ಅಚ್ಚಾದ ಬಳಕೆಯ ಕೊನೆಯ ದಿನಾಂಕ, ಮನೆಯಲ್ಲಿ ಮರುಬೆಸುಗೆ ಹಾಕಿದ ಮಾತ್ರಕ್ಕೆ ಮುಂದೆ ಹೋಗುವುದಿಲ್ಲ. ಹೆಪ್ಪುಗಟ್ಟಿದ ಮೀನನ್ನು ಫ್ರಿಜ್‌ನಲ್ಲಿ ಕರಗಿಸುವ ಮೊದಲು ಚೀಲದ ಬಾಯಿ ಕತ್ತರಿಸಿ ಗಾಳಿಯಾಡುವಂತೆ ಮಾಡಿ.

ಹಸಿ ತರಕಾರಿಗೂ ಈ ಚೀಲ ಒಗ್ಗುವುದಿಲ್ಲ. ಕಿತ್ತ ಮೇಲೂ ಸೊಪ್ಪು ಉಸಿರಾಡುತ್ತಿರುತ್ತದೆ. ಆಮ್ಲಜನಕ ಪೂರ್ತಿ ಮುಗಿದರೆ ಒಳಗೇ ಹುಳಿತು ಲೋಳೆಯಾಗುತ್ತದೆ. ಅದಕ್ಕೇ ಅಂಗಡಿಯ ಸೊಪ್ಪಿನ ಚೀಲಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಕೊರೆದಿರುತ್ತಾರೆ. ಎಲೆಕೋಸು, ಹೂಕೋಸುಗಳನ್ನು ಕುದಿಯುವ ನೀರಿನಲ್ಲಿ 3 ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಚೆನ್ನಾಗಿ ಒರೆಸಿ, ಆಮೇಲೆ ಬೆಸೆದು ಫ್ರೀಜರ್‌ಗೆ. ಅದ್ದದೆ ಹಾಗೇ ಫ್ರಿಜ್‌ನಲ್ಲಿಟ್ಟರೆ ಅವು ಬಿಡುವ ಅನಿಲಕ್ಕೆ ಚೀಲ ದಿಂಬಿನಂತೆ ಊದುತ್ತದೆ.

ನಿರೀಕ್ಷಿಸದೆ ಹೆಚ್ಚು ಬಳಕೆಗೆ ಬಂದದ್ದು ‘ಸೀಲ್ ಮಾತ್ರ’ ಗುಂಡಿ. ಅಂಗಡಿಯಿಂದ ಬಂದ ಹಿಟ್ಟಿನ ಪ್ಯಾಕೆಟ್‌ಗಳಲ್ಲಿ ಜಿಪ್ ಇರುತ್ತದೆ, ಆದರೆ ನಾಲ್ಕು ಸಲ ಸುರಿದ ಮೇಲೆ ಅದರ ಕಾಲುವೆಗೆ ಪುಡಿ ತುಂಬಿ ಕಚ್ಚುವುದೇ ಇಲ್ಲ. ಪುಡಿಯ ಪದಾರ್ಥಕ್ಕೆ ಜಿಪ್ ಕೂರಿಸುವುದು ತಪ್ಪು ವಿನ್ಯಾಸ ಎಂದೇ ನನ್ನ ಅಭಿಪ್ರಾಯ. ಬಾಯಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಜಿಪ್‌ನ ಮೇಲೆ ಒಂದು ಬೆಸುಗೆ ಹಾಕಿದರೆ ಮೂಲ ಪ್ಯಾಕೆಟ್ಟೇ ಮತ್ತೆ ಗಟ್ಟಿಯಾಗುತ್ತದೆ, ಮೇಲಿನ ತಾರೀಖೂ ಅಳತೆಯೂ ಕಳೆದುಹೋಗುವುದಿಲ್ಲ. ಅಲ್ಯುಮಿನಿಯಂ ಪದರವಿರುವ ಪ್ಯಾಕೆಟ್‌ಗಳು ಬೆಳಕನ್ನೂ ತಡೆಯುವುದರಿಂದ, ಅದರಲ್ಲಿರುವುದನ್ನು ಪಾರದರ್ಶಕ ಚೀಲಕ್ಕೆ ಬದಲಿಸುವುದು ನಷ್ಟವೇ. ಹೊಸದಾಗಿ ಹುರಿದ ಕಾಫಿಬೀಜವನ್ನು ಮಾತ್ರ ಬೆಸೆಯಬೇಡಿ. ಅದು ದಿನಗಟ್ಟಲೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದಕ್ಕೆಂದೇ ಕಾಫಿ ಪ್ಯಾಕೆಟ್‌ನಲ್ಲಿ ಹೊರಕ್ಕೆ ಮಾತ್ರ ತೆರೆಯುವ ಕವಾಟ ಇರುವುದು.

ಮೂರು ವರ್ಷದಲ್ಲಿ ಸವೆದ ಭಾಗಗಳು ಎರಡು. ಮೊದಲನೆಯದು ಬಾಯಿಯ ಸುತ್ತಲಿನ ಸ್ಪಂಜಿನಂಥ ಗ್ಯಾಸ್ಕೆಟ್. ಮುಚ್ಚಳ ಬಿಗಿದೇ ಎತ್ತಿಟ್ಟರೆ ಅದು ಅದುಮಿ ಚಪ್ಪಟೆಯಾಗಿ, ಪಂಪ್ ಓಡುತ್ತಿದ್ದರೂ ಗಾಳಿ ಎಳೆಯದ ಸ್ಥಿತಿ ಬರುತ್ತದೆ. ಕೊಕ್ಕೆ ಹಾಕದೆ ಇಡಿ. ಚಪ್ಪಟೆಯಾಗಿದ್ದರೆ ತೆಗೆದು ತೊಳೆದು, ಒಣಗಿಸಿ, ತಿರುಗಿಸಿ ಹಾಕಿದರೆ ಇನ್ನೂ ಕೆಲವು ತಿಂಗಳು ಬರುತ್ತದೆ. ಎರಡನೆಯದು ಬಿಸಿ ಪಟ್ಟಿಯ ಮೇಲಿನ ಟೆಫ್ಲಾನ್ ಟೇಪ್. ಅದು ಕಂದಾಗಿ ಸೀಳಿದ ಜಾಗದಲ್ಲೇ ಪ್ರತಿ ಚೀಲವೂ ಅಂಟಿ ಹರಿಯುತ್ತದೆ. ಕೆಟ್ಟದ್ದು ಯಂತ್ರ ಎಂದು ಎಷ್ಟೋ ಮಂದಿ ಎಸೆಯುವ ಹಂತ ಇದು. ಪ್ಲಗ್ ತೆಗೆದು, ಹಳೆಯ ಟೇಪ್ ಸುಲಿದು, ಅಂಟನ್ನು ಒರೆಸಿ, ಹೊಸದನ್ನು ಸುಕ್ಕಿಲ್ಲದಂತೆ ಅಂಟಿಸಲು ಹತ್ತು ನಿಮಿಷ ಸಾಕು.

ಚೀಲದ ಮರುಬಳಕೆಗೆ ಮಿತಿಯಿದೆ. ಕಾಳು, ಒಣಹಣ್ಣು ಇಟ್ಟಿದ್ದ ಚೀಲವನ್ನು ತೊಳೆದು ಪೂರ್ತಿ ಒಣಗಿಸಿ ಮೂರು ನಾಲ್ಕು ಸಲ ಬಳಸಬಹುದು. ಪ್ರತಿ ಸಲ 2–3 ಸೆಂ.ಮೀ. ಕಳೆಯುವುದರಿಂದ ಮೊದಲೇ ಉದ್ದ ಕತ್ತರಿಸಿ. ಹಸಿ ಮಾಂಸ, ಮೀನಿನ ಚೀಲಗಳನ್ನು ಮತ್ತೆ ಬಳಸಲೇಬಾರದು. ನೈಲಾನ್ ಮತ್ತು ಪಾಲಿಥಿನ್ ಒಂದಕ್ಕೊಂದು ಅಂಟಿರುವುದರಿಂದ ಮರುಸಂಸ್ಕರಣೆಯೂ ಕಷ್ಟ. ಈ ಯಂತ್ರದ ಬಗ್ಗೆ ಉಳಿದಿರುವ ದೊಡ್ಡ ಅಸಮಾಧಾನ ಇದೇ.

ಕೊಳ್ಳುವ ಮುನ್ನ ಮೂರು ಸಂಗತಿ ಕೇಳಿ: ಗ್ಯಾಸ್ಕೆಟ್ ಮತ್ತು ಟೇಪ್ ಬಿಡಿಯಾಗಿ ಸಿಗುತ್ತವೆಯೇ, ರಸ ಸೇರುವ ತಟ್ಟೆ ಹೊರತೆಗೆದು ತೊಳೆಯಲು ಬರುತ್ತದೆಯೇ, ಬೇರೆ ತಯಾರಕರ ರೋಲ್ ಹಾಕಿದರೂ ಒಪ್ಪುತ್ತದೆಯೇ. ಮನೆಗೆ ತಂದ ದಿನ ಖಾಲಿ ಚೀಲವೊಂದನ್ನು ಬೆಸೆದು, ಅದನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಒಳಗೆ ಒಂದು ಹನಿ ಕಂಡರೂ ಗುಳ್ಳೆ, ಮಡಿಕೆ ಎಲ್ಲಿದೆ ಎಂದು ಬೆಸುಗೆಯನ್ನು ಬೆಳಕಿಗೆ ಹಿಡಿದು ಹುಡುಕಿ. ಎರಡನೆಯ ಚೀಲವೂ ಹಾಗೇ ಆದರೆ ಯಂತ್ರವನ್ನು ವಾಪಸ್ ಕೊಡಿ.